ಕಣದಲ್ಲಿ ಒಣಗಿದ ಕಂಪ್ಯೂಟರ್

ಸುಣ್ಣ ಬಳಿಸಲೆಂದು ಅಟ್ಟ ಖಾಲಿ ಮಾಡುತ್ತಿದ್ದಾಗ ಹಳೆಯ ಕೀಬೋರ್ಡು ಸಿಕ್ಕಿತು. ಒಂದು ಕಾಲದಲ್ಲಿ ಬೆಳ್ಳಗಿದ್ದದ್ದು, ಈಗ ಎಲೆ ಅಡಿಕೆ ಜಗಿಯುವವರ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಗುಜರಿಗೆ ಹಾಕುವ ಮೊದಲು ದೂಳು ಕೊಡವೋಣ ಎಂದು ತಲೆಕೆಳಗೆ ಮಾಡಿ ಬೆನ್ನಿಗೆ ನಾಲ್ಕು ಬಡಿದೆ. ಕೀಲಿಗಳ ಸಂದಿಯಿಂದ ಕಾಗದದಷ್ಟು ತೆಳ್ಳಗಿನ ಸಿಪ್ಪೆಯ ಚೂರುಗಳು ಉದುರಿದವು. ಕೈಗೆ ತೆಗೆದುಕೊಂಡು ನೋಡಿದರೆ ಕಾಫಿಬೀಜದ ಹೊಟ್ಟು. ಕೀಬೋರ್ಡಿನಿಂದ ಬಿಸ್ಕತ್ತಿನ ಪುಡಿ ಬೀಳುವುದುಂಟು, ಸತ್ತ ಇರುವೆ ಬೀಳುವುದುಂಟು. ಕಾಫಿ ಹೊಟ್ಟು ಬೀಳಬೇಕಾದರೆ ಆ ಕೀಬೋರ್ಡು ಸಕಲೇಶಪುರದ್ದಾಗಿರಬೇಕು, ಪಕ್ಕದ ಮನೆಯಲ್ಲಿ ಮಂಡಿ ಮಾವ ಇದ್ದಿರಬೇಕು.

ಏಣಿಯ ಮೇಲೆ ನಿಂತವಳು ಅಲ್ಲೇ ನಗತೊಡಗಿದೆ. ಸುಣ್ಣದವನು ಗಾಬರಿಯಾಗಿ ಕೆಳಗಿನಿಂದ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಮಂಡಿ ಮಾವ ನನಗೆ ಸಂಬಂಧದಲ್ಲಿ ಮಾವನೇನಲ್ಲ. ನಾನು ಮದುವೆಯಾಗಿ ಈ ಬೀದಿಗೆ ಬಂದಾಗ ಪಕ್ಕದ ಮನೆಯವರು, ಅಷ್ಟೆ. ಸುತ್ತಲಿನ ಸಣ್ಣ ಬೆಳೆಗಾರರಿಂದ ಕಾಫಿ ಕೊಂಡು ಹಾಸನಕ್ಕೆ ಸಾಗಿಸುವ ಮಂಡಿ ಅವರದು. ಮುಂದೆ ಮನೆ, ಪಕ್ಕದಲ್ಲಿ ಗೋಣಿಚೀಲಗಳ ಮಂಡಿ, ಹಿಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ. ನಮ್ಮ ಹಿತ್ತಿಲ ಬಾಗಿಲು ತೆರೆದರೆ ನೇರ ಅವರ ಕಣಕ್ಕೇ ಕಾಲಿಡಬೇಕು. ಹಣೆಗೆ ಅಡ್ಡ ವಿಭೂತಿ, ಹೆಗಲ ಮೇಲೆ ಟವೆಲ್ಲು, ಅಂಗಿಯ ಜೇಬಿನಲ್ಲಿ ಸದಾ ಒಂದು ಹಿಡಿ ಕಾಫಿಬೀಜ.

ಬೀಜ ಒಣಗಿದೆಯೋ ಇಲ್ಲವೋ ಎನ್ನುವುದನ್ನು ಅವರು ಹಲ್ಲಿನಿಂದ ಹೇಳುತ್ತಿದ್ದರು. ಬೀಜ ಬಾಯಿಗೆ ಹಾಕಿ ಕಚ್ಚಿ, ಕಣ್ಣು ಮುಚ್ಚಿ, ಸದ್ದು ಕೇಳಿಸಿಕೊಂಡು, "ಇನ್ನೂ ಎರಡು ಬಿಸ್ಲು ಬೇಕು, ವಾಪಸ್ ತಗಂಡೋಗು" ಎನ್ನುತ್ತಿದ್ದರು. ಆ ಬಾಯಿಗೆ ಇಡೀ ತಾಲ್ಲೂಕೇ ಹೆದರುತ್ತಿತ್ತು. ಕಷ್ಟವೇನೆಂದರೆ, ಜನ್ಮವಿಡೀ ತೇವದ ಜೊತೆಗೇ ಗುದ್ದಾಡಿ ಲೋಕದ ಎಲ್ಲ ಕೇಡಿಗೂ ತೇವವೇ ಕಾರಣ ಎಂಬ ತೀರ್ಮಾನಕ್ಕೆ ಅವರು ಬಂದುಬಿಟ್ಟಿದ್ದರು. ರೇಡಿಯೊ ಗರಗರ ಅಂದರೆ ತೇವ. ಸ್ಕೂಟರ್ ಹೊರಡದಿದ್ದರೆ ತೇವ. ಬೀದಿಯ ಹುಡುಗನೊಬ್ಬ ಲೆಕ್ಕದಲ್ಲಿ ನಪಾಸಾದಾಗಲೂ, "ತಲೆ ಒಳಗೆ ತೇವ ಐತೆ, ಒಂದಿಷ್ಟು ಬಿಸ್ಲಲ್ಲಿ ಆಡಕ್ಕೆ ಬುಡಿ" ಎಂದು ಅವನ ತಾಯಿಗೆ ಸಲಹೆ ಕೊಟ್ಟವರು. ಹುಡುಗನಿಗೆ ಅವರ ಮೇಲೆ ಬಹಳ ಪ್ರೀತಿ.

ಎರಡು ಸಾವಿರದ ಇಸವಿಯ ಆಸುಪಾಸು ಅದು. ನಾನು ಮದುವೆಗೆ ಮೊದಲು ಹಾಸನದಲ್ಲಿ ಡಿಟಿಪಿ ಕಲಿತಿದ್ದೆ. ನಮ್ಮವರ ಹತ್ತಿರ ಹಟ ಹಿಡಿದು ಒಂದು ಕಂಪ್ಯೂಟರ್ ತರಿಸಿಕೊಂಡು, ನಡುಮನೆಯ ಮೇಜಿನ ಮೇಲೆ ಟಿವಿಯಂಥದ್ದನ್ನೂ ಮೇಜಿನ ಕೆಳಗೆ ಡಬ್ಬವನ್ನೂ ಇಟ್ಟುಕೊಂಡು, ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ ಟೈಪ್ ಮಾಡಿಕೊಡುತ್ತಿದ್ದೆ. ಪ್ರಿಂಟರ್ ಇರಲಿಲ್ಲ. ತಯಾರಾದದ್ದನ್ನು ಫ್ಲಾಪಿಗೆ ತುಂಬಿ ಹಾಸನದ ಪ್ರೆಸ್ಸಿಗೆ ಕಳಿಸಬೇಕಿತ್ತು. ಈಗಿನ ಮಕ್ಕಳಿಗೆ ಫ್ಲಾಪಿ ಎಂದರೆ ಗೊತ್ತಾಗುವುದಿಲ್ಲ. ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಬಿಲ್ಲೆ ಅದು. ಡಬ್ಬದ ಮುಖದಲ್ಲಿದ್ದ ಸೀಳಿನೊಳಗೆ ತೂರಿಸಿದರೆ ಇಲ್ಲಿದ್ದದ್ದನ್ನು ಹೊತ್ತುಕೊಂಡು ಇನ್ನೊಂದು ಕಂಪ್ಯೂಟರಿಗೆ ಮುಟ್ಟಿಸುತ್ತಿತ್ತು.

ಆ ಸಲದ ಕಾಫಿ ಕೊಯ್ಲಿನ ಹೊತ್ತಿಗೆ ಮಾವನ ಮಗಳ ಮದುವೆ ಗೊತ್ತಾಯಿತು. ಪತ್ರಿಕೆ ನನಗೇ ಬಂತು. ಮನೆಯ ಪಕ್ಕದ ಕೆಲಸ, ಒಂದು ಸಂಜೆಯದು ಎಂದುಕೊಂಡಿದ್ದೆ. ಅದು ಒಂದು ತಿಂಗಳು ತಿಂದಿತು. ಕಾರಣ, ಮಾವನ ಅಣ್ಣ.

ಅಣ್ಣ ಇದ್ದದ್ದು ಕೆ. ಹೊಸಕೋಟೆಯ ಕಡೆ, ಸ್ವಂತ ತೋಟದಲ್ಲಿ. ನಾನು ಅವರನ್ನು ದೊಡ್ಡಮಾವ ಎನ್ನುತ್ತಿದ್ದೆ. ಅಣ್ಣ ತಮ್ಮ ಮಾತಾಡದೆ ವರ್ಷಗಳೇ ಆಗಿದ್ದವು. ಜಗಳ ಆಸ್ತಿಯದಲ್ಲ, ಒಂದು ಪಲ್ಪರಿನದು. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಅಣ್ಣ ಅದನ್ನು ತಮ್ಮನಿಗೆ ಎರವಲು ಕೊಟ್ಟಿದ್ದರು. ವಾಪಸು ಹೋದಾಗ ಅದರ ಹಿಡಿ ಮುರಿದಿತ್ತು. ಕೊಡುವಾಗ ಸರಿಯಿತ್ತು ಎಂದು ಅಣ್ಣ, ಬರುವಾಗಲೇ ಬಿರುಕು ಬಿಟ್ಟಿತ್ತು ಎಂದು ತಮ್ಮ. ಅಲ್ಲಿಗೆ ನಿಂತ ಮಾತು ನಿಂತೇಹೋಗಿತ್ತು. ಆ ಪಲ್ಪರನ್ನು ಯಾವತ್ತೋ ತೂಕಕ್ಕೆ ಮಾರಿಯೂ ಆಗಿತ್ತು, ಜಗಳ ಮಾತ್ರ ಹೊಸದರ ಹಾಗೇ ಓಡುತ್ತಿತ್ತು.

ಮಗಳ ಮದುವೆಗೆ ಅಣ್ಣ ಬಂದು ಮುಂದೆ ನಿಲ್ಲಬೇಕು ಎಂಬುದೊಂದೇ ಮಾವನ ಆಸೆ. ಬಾಯಿಬಿಟ್ಟು ಹೇಳುವವರಲ್ಲ. ಒಂದು ದಿನ ನನ್ನ ಮೇಜಿನ ಪಕ್ಕ ಕುಳಿತು, "ಅಪ್ಪ ಹೋದ್ಮೇಲೆ ಮನೇಗೆ ಹಿರೀಕ ಅವ್ನೇ ಕಣಮ್ಮ. ಅವ್ನು ಬರ್ದೆ ನಾನು ಹೆಂಗೆ ಧಾರೆ ಎರೀಲಿ" ಎಂದು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಮಾವನ ಹೆಂಡತಿ, ನಾನು ಅತ್ತೆ ಎಂದು ಕರೆಯುತ್ತಿದ್ದವರು, ಆ ಭಾವನಿಗೆ ಫೋನಿನ ಮೇಲೆ ಫೋನು ಮಾಡಿ ಸಂಧಾನ ನಡೆಸಿದರು. ದೊಡ್ಡಮಾವ ಬರಲು ಒಪ್ಪಿದರು, ಒಂದು ಷರತ್ತಿನ ಮೇಲೆ. ಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಎಂಬಲ್ಲಿ ಯಾರ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು, ಪ್ರೆಸ್ಸಿಗೆ ಹೋಗುವ ಮೊದಲು, ತಾವೇ ಬಂದು ಕಣ್ಣಾರೆ ನೋಡಬೇಕು.

ಆ ತಿಂಗಳಿಡೀ ನನ್ನ ಪರದೆಯ ಮೇಲೆ ಹೆಸರುಗಳು ಏಣಿಯಾಟ ಆಡಿದವು. ಅಣ್ಣ ಮೇಲೆ, ಹುಡುಗಿಯ ಸೋದರಮಾವ ಕೆಳಗೆ. ಸೋದರಮಾವನ ಕಡೆಯವರು ಮುನಿದರೆ ಅಕ್ಕಪಕ್ಕ. ಅಕ್ಕಪಕ್ಕ ಎಂದರೆ ಎಡ ಯಾರು, ಬಲ ಯಾರು? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಈ ಅಣ್ಣತಮ್ಮಂದಿರ ನಡುವೆ ನಾನು ಬಡವಾದೆ. ಕೊನೆಗೂ ಒಂದು ಭಾನುವಾರ ಎಲ್ಲರಿಗೂ ಒಪ್ಪಿಗೆಯಾದ ಪ್ರತಿ ತಯಾರಾಯಿತು. ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ದೊಡ್ಡಮಾವ ಬರುವುದೆಂದಾಯಿತು.

ಮೊದಲ ಲಗ್ನಪತ್ರಿಕೆ ಮನೆದೇವರಿಗೆ ಸಲ್ಲಬೇಕು. ಅರಿಸಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟ ಮೇಲೆಯೇ ಮಿಕ್ಕವರಿಗೆ ಹಂಚುವುದು. ಮಾರನೆಯ ದಿನ ಸೋಮವಾರ, ಶಿವನ ವಾರ. ಅಚ್ಚಾಗಿ ಬರುವ ತನಕ ಕಾಯುವ ಸಹನೆ ಮಾವನಿಗಿರಲಿಲ್ಲ.

"ಪತ್ರಿಕೆ ಈ ಬಿಲ್ಲೆ ಒಳಗೈತೆ ಅಂತೀಯಲ್ಲ?" ಎಂದು ಫ್ಲಾಪಿ ತೋರಿಸಿ ಕೇಳಿದರು.

"ಐತೆ ಮಾವ."

"ಹಂಗಾದ್ರೆ ಇದೇ ಪತ್ರಿಕೆ. ತತ್ತಾ, ದೇವ್ರ ಮುಂದೆ ಇಡ್ತೀನಿ."

ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಕೊಟ್ಟೆ.

ಸೋಮವಾರ ಬೆಳಿಗ್ಗೆ ಸ್ನಾನ ಮುಗಿಸಿ, ಊದುಬತ್ತಿ ಹಚ್ಚಿ, ದೊಡ್ಡಮಾವ ಬರುವ ಹೊತ್ತಿಗೆ ಎಲ್ಲ ತಯಾರಿರಲಿ ಎಂದು ಕಂಪ್ಯೂಟರ್ ಹಾಕಿದೆ. ಎಂದಿನ ಮೋಡದ ಚಿತ್ರ ಬರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಇಂಗ್ಲಿಷಿನ ಎರಡು ಸಾಲು. ನಾನ್ ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್. ಬದಲಾಯಿಸಿ, ತಯಾರಾದ ಮೇಲೆ ಯಾವುದಾದರೂ ಕೀಲಿ ಒತ್ತಿ. ಒತ್ತಿದೆ. ಅದೇ ಸಾಲು ಮತ್ತೆ ಬಂತು. ಆರಿಸಿ ಹಾಕಿದೆ, ಮತ್ತೆ ಅದೇ.

ಮತ್ತೆ ಟೈಪ್ ಮಾಡಬಹುದಿತ್ತಲ್ಲ ಎಂದು ಕೇಳುವವರು ಆ ಮನೆತನದವರನ್ನು ಕಂಡವರಲ್ಲ. ಒಪ್ಪಿಗೆಯಾದದ್ದು ಯಾವ ಪ್ರತಿಗೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಅದು ಇದ್ದದ್ದು ಈ ಡಬ್ಬದೊಳಗೆ ಮತ್ತು ದೇವರ ಮುಂದಿದ್ದ ಫ್ಲಾಪಿಯೊಳಗೆ. ಡಬ್ಬವೇ ಮಲಗಿದರೆ ಫ್ಲಾಪಿಯನ್ನು ಓದುವುದಾದರೂ ಎಲ್ಲಿ?

ಹಾಸನದಲ್ಲಿ ಕಂಪ್ಯೂಟರ್ ಮಾರಿದ್ದ ಅಂಗಡಿಗೆ ಫೋನು ಮಾಡಿದೆ.

"ಫ್ಲಾಪಿ ಏನಾದ್ರೂ ಒಳಗೇ ಇದ್ಯಾ ನೋಡಿ ಮೇಡಂ," ಎಂದ ಅಂಗಡಿಯವನು.

"ಇಲ್ಲ, ಅದು ದೇವರ ಮುಂದಿದೆ," ಎಂದೆ.

ಅದನ್ನು ಅವನು ಇನ್ನೊಂದು ಸಲ ಹೇಳಿಸಿಕೊಂಡ. ಆಮೇಲೆ, "ಹಾಗಾದ್ರೆ ಹಾರ್ಡ್ ಡಿಸ್ಕೇ ಹೋಗಿರಬೇಕು. ತಗೊಂಡು ಬನ್ನಿ," ಎಂದು ಬಹಳ ಮರ್ಯಾದೆಯಿಂದ ಫೋನಿಟ್ಟ.

ಅಷ್ಟರಲ್ಲಿ ಹಿತ್ತಿಲ ಬಾಗಿಲಿಂದ ಮಾವ ಬಂದರು. ಹೊಸ ಪಂಚೆ, ಹೊಸ ವಿಭೂತಿ. ನಾನು ಅಳುವುದೊಂದು ಬಾಕಿ. ವಿಷಯ ಕೇಳಿದವರು ಪರದೆಯನ್ನು ಓದಿಸಿಕೊಂಡರು. ಯಾವುದಾದರೂ ಕೀಲಿ ಎಂದರೆ ಮೂಡಣ ದಿಕ್ಕಿನ ಕೊನೆಯದನ್ನು ಒತ್ತು ಎಂದರು. ಒತ್ತಿದೆ. ಆಗಲಿಲ್ಲ. ಆಗ ಅವರು ಪರದೆಯ ಹಿಂಭಾಗಕ್ಕೆ ಮೂಗು ಹತ್ತಿರ ತಂದು ಉಸಿರೆಳೆದರು. ಕಣ್ಣು ಮುಚ್ಚಿದರು. ಕೀಬೋರ್ಡಿನ ಒಂದು ಕೀಲಿ ಕಿತ್ತು ಬಾಯಿಗೆ ಹಾಕಿ ಕಚ್ಚುತ್ತಾರೇನೋ ಎಂದು ನಾನು ನಿಜವಾಗಿಯೂ ಹೆದರಿದೆ.

"ತೇವ," ಎಂದರು ಮಾವ. "ವಾರದಿಂದ ಇಬ್ನಿ ಬೀಳ್ತಿರೋದು ಕಾಣಕ್ಕಿಲ್ವಾ? ಹಾಸನ್ದೋರಿಗೆ ಏನ್ ಗೊತ್ತು ನಮ್ಮೂರಿನ ಇಬ್ನಿ. ಎತ್ತು ಮಾರಾಯ್ತಿ."

ಬೇಡ ಎಂದೆ. ಗ್ಯಾರಂಟಿ ಹೋಗುತ್ತದೆ ಎಂದೆ. ಆದರೆ ನೀರಲ್ಲಿ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಹಾಸನಕ್ಕೆ ಹೋಗಿ ಬರುವಷ್ಟರಲ್ಲಿ ದೊಡ್ಡಮಾವ ಬಂದು, ಕಾದು, ಸಿಟ್ಟು ಮಾಡಿಕೊಂಡು ಮರಳಿಯೂ ಹೋಗಿರುತ್ತಾರೆ. ಮಾವ ಡಬ್ಬವನ್ನು ಟವೆಲ್ಲಿನಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ಹೋದರು. ಹಿಂದೆ ನಾನು ಟಿವಿಯಂಥದ್ದನ್ನು ಹೊತ್ತೆ. ಅತ್ತೆ ಕೀಬೋರ್ಡು ತಂದರು. ಕಣದಲ್ಲಿ ಹರಡಿದ್ದ ಕಾಫಿಯ ನಡುವೆ ಒಂದು ಗೋಣಿಚೀಲ ಹಾಸಿ, ಡಬ್ಬದ ಮುಖಕ್ಕೆ ಬಿಸಿಲು ಹೊಡೆಯದಿರಲೆಂದು ಗೋಡೆಯ ಕಡೆ ತಿರುಗಿಸಿ, ಅಡ್ಡ ಮಲಗಿಸಿದರು. ಕೀಬೋರ್ಡನ್ನು ಕಾಫಿಯ ಮೇಲೇ ಇಟ್ಟರು. ಕಣ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಇದೊಂದು ಹೊಸತೆಂದು ಅನ್ನಿಸಿದಂತೆಯೇ ಕಾಣಲಿಲ್ಲ. ಮರದ ಹಲಗೆಯಿಂದ ಕಾಫಿ ಕೆದಕುತ್ತ ಬಂದವಳು ಕಂಪ್ಯೂಟರಿನ ಹತ್ತಿರ ಬಂದಾಗ ಅದನ್ನೂ ಒಂದು ಸಲ ಮಗ್ಗುಲು ಮಗುಚಿ ಮುಂದೆ ಹೋದಳು.

ಇಂಥ ಹೊತ್ತಿಗೆ ಸರಿಯಾಗಿ ದೊಡ್ಡಮಾವ ಬಂದರು.

ಎತ್ತರದ ಆಳು, ಬಿಸಿಲಿಗೂ ಕೊಡೆ. ಕಣದ ಅಂಚಿನಲ್ಲಿ ನಿಂತು ನೋಡಿದರು. ತಮ್ಮನ ಕಡೆ ತಿರುಗಲಿಲ್ಲ. ತಮ್ಮನೂ ಎದ್ದು ನಿಂತು ಆಕಾಶ ನೋಡತೊಡಗಿದರು. ಇಬ್ಬರ ನಡುವೆ ಸರಿಯಾಗಿ ನಾನು.

"ಏನಮ್ಮ, ಇಲ್ಲಿ ಯಾರೋ ಕಂಪ್ಯೂಟ್ರನ್ನ ಒಣಗಾಕವ್ರೆ?" ಎಂದರು ದೊಡ್ಡಮಾವ, ನನ್ನನ್ನು ನೋಡಿ.

"ಬಂದೋರಿಗೆ ಹೇಳಮ್ಮ," ಎಂದರು ಮಾವ, ಅವರೂ ನನ್ನನ್ನೇ ನೋಡಿ, "ಅದುಕ್ಕೆ ತೇವ ಹಿಡ್ದೈತೆ. ಪತ್ರಿಕೆ ಅದ್ರೊಳ್ಗೇ ಐತೆ. ಸಂಜೆಗೆ ಕಾಣ್ಸತ್ತೆ ಅಂತ."

"ಸಂಜೆ ಗಂಟ ಕಾಯಕ್ಕೆ ನಾನೇನು ಕೆಲ್ಸ ಇಲ್ದೋನಾ, ಕೇಳಮ್ಮ."

"ಊಟ ಆಗೈತೆ, ಉಂಡ್ಕಂಡು ಮಲಿಕ್ಕಳ್ಲಿ, ಹೇಳಮ್ಮ."

ನಾನು ಯಾರಿಗೂ ಏನನ್ನೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಇಬ್ಬರೂ ಮೂರು ಮಾರು ದೂರದಲ್ಲಿ ನಿಂತಿದ್ದರು. ದೊಡ್ಡಮಾವ ಕೊಡೆ ಮಡಿಸಿದರು. ಹೋಗಿಯೇಬಿಡುತ್ತಾರೆ ಎಂದುಕೊಂಡೆ. ಮಾವನ ಕೈ ಜೇಬಿನೊಳಗೆ ಕಾಫಿಬೀಜಗಳನ್ನು ತಿರುವುತ್ತಿದ್ದದ್ದು ನನಗೆ ಕಾಣುತ್ತಿತ್ತು. ಮಗಳ ಮದುವೆ ಆ ಗಳಿಗೆಯಲ್ಲಿ ಒಂದು ಕೊಡೆಯ ತುದಿಯಲ್ಲಿ ನಿಂತಿತ್ತು.

ದೊಡ್ಡಮಾವ ಹೊರಟರು. ನಾಲ್ಕು ಹೆಜ್ಜೆ ಇಟ್ಟವರು ಗೋಣಿಚೀಲದ ಹತ್ತಿರ ನಿಂತರು. ಬಗ್ಗಿ ಡಬ್ಬದ ಮೇಲೆ ಅಂಗೈ ಇಟ್ಟು ನೋಡಿದರು. ತಗಡು ಕಾದಿತ್ತು. ಅಲ್ಲಿಗೆ ಅವರೊಳಗಿನ ಕಾಫಿ ಬೆಳೆಗಾರನಿಗೆ ತಡೆಯಲಾಗಲಿಲ್ಲ.

"ಲೇ! ಬುದ್ಧಿ ಐತೇನೋ ನಿಂಗೆ? ನಡು ಮಧ್ಯಾಹ್ನದಲ್ಲಿ ಹಿಂಗೆ ಬಾಯ್ಬುಟ್ಕಂಡು ಬಿಸ್ಲಿಗೆ ಹಾಕ್ತಾರೇನೋ? ಮೇಲೆ ಒಣಗಿ ಸೀಳ್ಕಂಬುಡತ್ತೆ, ಒಳಗಿನ ತೇವ ಒಳ್ಗೇ ಉಳೀತದೆ! ಅಪ್ಪ ಕಲ್ಸಿದ್ದು ಇದೇನಾ?"

"ನಂಗೊತ್ತಿಲ್ವಾ?" ಎಂದು ಮಾವ ಕೂಗಿದರು. "ಈ ವಾರದ ಬಿಸ್ಲು ಎಳೇದು ಕಣೋ! ನಿಮ್ಮ ಹೊಸಕೋಟೆ ಬಿಸ್ಲಲ್ಲ ಇದು!"

"ಮುಚ್ಚಿಡ್ಬೇಕು. ನೆಳ್ಳಾಗೆ ನಿಧಾನಕ್ಕೆ ಒಣಗ್ಬೇಕು."

"ನೆಳ್ಳಾಗಿಟ್ರೆ ಬೂಸ್ಟು ಬರತ್ತೆ!"

"ಬೂಸ್ಟು ಬಂದಿರೋದು ನಿನ್ನ ತಲೆಗೆ! ಹಿಡ್ಕಳೋ ಆ ಕಡೆ!"

ಇಬ್ಬರೂ ಡಬ್ಬದ ಎರಡೂ ಕಡೆ ಕೈ ಹಾಕಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಮಂಡಿಯ ಕಂಬಕ್ಕೆ ಒರಗಿದರು. ಅಣ್ಣ ಹಿಂದಕ್ಕೆ ಎಳೆದು, ತಮ್ಮ ಮುಂದಕ್ಕೆ ನೂಕಿ, ಬೈದುಕೊಳ್ಳುತ್ತ ನೆರಳಿನ ಕಡೆ ನಡೆದರು. ಅಡ್ಡ ಹಿಡಿದಿದ್ದ ದೊಡ್ಡಮಾವನ ಹೆಬ್ಬೆರಳು ಡಬ್ಬದ ಮುಖದ ಯಾವುದೋ ಗುಂಡಿಯ ಮೇಲೆ ಬಿದ್ದಿರಬೇಕು. ಟಕ್ಕೆಂದಿತು. ಸೀಳಿನೊಳಗಿಂದ ಫ್ಲಾಪಿ ಅರ್ಧ ಹೊರಗೆ ಬಂತು, ಮೈತುಂಬ ಅರಿಸಿನ, ನಡುವೆ ಕಾಸಿನಗಲ ಕುಂಕುಮ.

"ಇದೇನೋ ಇದು, ನಾಲಿಗೆ ಚಾಚ್ತಲ್ಲ!" ಎಂದರು ದೊಡ್ಡಮಾವ.

ನಾನು ಮಾವನ ಮುಖ ನೋಡಿದೆ. ಅವರಿಗೆ ಒಂಚೂರೂ ಸಂಕೋಚವಿರಲಿಲ್ಲ. ಪೂಜೆ ಮುಗಿದ ಮೇಲೆ ಬಿಲ್ಲೆ ಎಲ್ಲಾದರೂ ಕಳೆದುಹೋದೀತೆಂದು, ನಾನು ಬಚ್ಚಲಿನಲ್ಲಿದ್ದಾಗ ಬಂದು, ನಾನು ಹಾಕುವುದನ್ನು ನೋಡಿದ್ದ ಹಾಗೆಯೇ ಅದರ ಜಾಗದಲ್ಲಿ ಅದನ್ನು ಇಟ್ಟು ಹೋಗಿದ್ದರಂತೆ. ಸೀಳಿನಲ್ಲಿ ಫ್ಲಾಪಿ ಇದ್ದರೆ ಕಂಪ್ಯೂಟರ್ ಏಳುವಾಗ ಮೊದಲು ಅದರೊಳಗೇ ತನ್ನ ಕೆಲಸದ ಸಾಮಾನು ಹುಡುಕುತ್ತದೆ. ಅಲ್ಲಿ ಲಗ್ನಪತ್ರಿಕೆ ಬಿಟ್ಟರೆ ಬೇರೇನೂ ಸಿಗದೆ ಕೈಚೆಲ್ಲಿ ಕೂತಿತ್ತು, ಅಷ್ಟೇ. ಮೇಜಿನ ಕೆಳಗಿನ ಡಬ್ಬದ ಮುಖವನ್ನು ನಾನು ಬಗ್ಗಿ ನೋಡಿರಲೇ ಇಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

ಒಳಗೆ ತಂದು ಜೋಡಿಸಿದೆವು. ಒಂದೇ ಏಟಿಗೆ ಮೋಡದ ಚಿತ್ರ ಬಂತು. ಪತ್ರಿಕೆ ತೆರೆದು ತೋರಿಸಿದೆ. ಹೆಸರುಗಳೆಲ್ಲ ಒಪ್ಪಿದ ಜಾಗದಲ್ಲೇ ಇದ್ದವು. ನೋಡುವವರು ಯಾರು? ಅಣ್ಣ ತಮ್ಮ ಇಬ್ಬರೂ ನನಗೆ ಬೆನ್ನು ಹಾಕಿ ಕುಳಿತು, ಬಿಸಿಲು ಮೇಲೋ ನೆರಳು ಮೇಲೋ ಎಂದು ಗಂಟಲು ಹರಿಯುವ ಹಾಗೆ ವಾದಿಸುತ್ತಿದ್ದರು. ನಾನು ಎರಡು ಸಲ ಕರೆದೆ.

"ಹೆಂಗಾರ ಹಾಕ್ಬುಡಮ್ಮ, ಅದೇನು ಮಹಾ," ಎಂದರು ದೊಡ್ಡಮಾವ, ತಿರುಗಿ ಕೂಡ ನೋಡದೆ. ಒಂದು ತಿಂಗಳು ನನ್ನ ಜೀವ ಹಿಂಡಿದ್ದ ಮನುಷ್ಯ!

ಫ್ಲಾಪಿಯಿಂದ ಹೀಗಾಯಿತು ಎಂದು ಅವತ್ತೇ ಮಾವನಿಗೆ ಬಿಡಿಸಿ ಹೇಳಿದೆ. ಒಪ್ಪಲಿಲ್ಲ. ದೇವರ ಮುಂದೆ ಇಟ್ಟು ತಂದ ವಸ್ತುವಿನಿಂದ ಕೆಡುಕಾಗುತ್ತದೆಯೇ? ತೇವ ಆರಿತು, ಸರಿಹೋಯಿತು. ಅಣ್ಣನೂ ಇದೊಂದು ವಿಷಯದಲ್ಲಿ ತಮ್ಮನ ಪಕ್ಷ. ಆರಿದ್ದು ನೆರಳಿನಲ್ಲಿ ಎಂಬುದಷ್ಟೇ ಅವರ ತಿದ್ದುಪಡಿ. ಆಮೇಲೆ ಆ ಸೀಳಿಗೆ ಯಾವ ಫ್ಲಾಪಿ ಹಾಕಿದರೂ ಹಣೆಗೆ ಚೂರು ಕುಂಕುಮ ಇಟ್ಟುಕೊಂಡೇ ಹೊರಗೆ ಬರುತ್ತಿತ್ತು. ಹಾಸನದ ಪ್ರೆಸ್ಸಿನವರು ಮೊದಮೊದಲು ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು.

ಮದುವೆಯಲ್ಲಿ ದೊಡ್ಡಮಾವ ಮುಂದೆ ನಿಂತರು. ಧಾರೆಯ ಹೊತ್ತಿನಲ್ಲಿ ಮಾವ ಅತ್ತದ್ದನ್ನು ನೋಡಿ ನಾನೂ ಅತ್ತೆ. ಅಲ್ಲಿಂದಾಚೆಗೆ ಇಬ್ಬರೂ ಬಿಟ್ಟೂಬಿಡದೆ ಮಾತಾಡಿದರು. ಫೋನಿನಲ್ಲಿ ಅವರು ಮಾತಾಡುವುದು ಗೋಡೆಯಾಚೆ ನಮಗೂ ಕೇಳುತ್ತಿತ್ತು, ಫೋನಿಲ್ಲದಿದ್ದರೂ ಹೊಸಕೋಟೆಗೆ ಕೇಳುತ್ತಿತ್ತೇನೋ. ಮಳೆ, ಮೆಣಸಿನ ಬಳ್ಳಿ, ಅಪ್ಪನ ಚಪ್ಪಲಿಯ ಅಳತೆ, ಯಾವುದಕ್ಕೂ ಜಗಳ. ಎಲ್ಲದಕ್ಕಿಂತ ದೊಡ್ಡ ಜಗಳ, ಅವತ್ತು ಕಣದಲ್ಲಿ ಮೊದಲು ಮಾತಾಡಿದ್ದು ಯಾರು ಎಂಬುದು. ನೀನೇ ಸೋತು ಬಾಯಿಬಿಟ್ಟೆ ಎಂದು ಒಬ್ಬರು, ನಾನಲ್ಲ ನೀನು ಎಂದು ಇನ್ನೊಬ್ಬರು. ಅಣ್ಣ ಮನೆಗೆ ಬಂದಾಗಲೆಲ್ಲ ಮಾವ ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದರು. "ನೀನೇ ಹೇಳಮ್ಮ, ಅಣ್ಣ ತಾನೆ ಮೊದ್ಲು ಲೇ ಅಂದಿದ್ದು?" ಆ ಕಡೆಯಿಂದ ದೊಡ್ಡಮಾವ ನನ್ನ ಮೇಲೆ ಕಣ್ಣು ಬಿಡುತ್ತಿದ್ದರು. ಒಲೆಯ ಮೇಲೆ ಹಾಲಿದೆ ಎಂದು ನಾನು ಎದ್ದುಬಿಡುತ್ತಿದ್ದೆ.

ಮಾವ ಹೋಗಿ ಈಗ ಕೆಲವು ವರ್ಷಗಳಾದವು. ಹೂಮಳೆ ಬಿದ್ದು ಕಾಫಿ ಹೂಬಿಟ್ಟು ತೋಟಗಳೆಲ್ಲ ಬೆಳ್ಳಗಾಗಿದ್ದ ವಾರ, ಹಾಸನದ ಆಸ್ಪತ್ರೆಯಲ್ಲಿ. ಕೊನೆಯ ಸಲ ನೋಡಲು ಹೋದಾಗ, ಎದೆಯಲ್ಲಿ ನೀರು ತುಂಬಿಕೊಂಡಿದೆ ಎಂದು ಡಾಕ್ಟರು ಹೇಳಿದ್ದನ್ನು ನನಗೆ ಎಷ್ಟು ಹೆಮ್ಮೆಯಿಂದ ಹೇಳಿದರು. "ನೋಡ್ದಾ ಮಾರಾಯ್ತಿ, ಕೊನೆಗೂ ತೇವಾನೇ..." ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮಂಡಿ ಮುಚ್ಚಿತು. ಕಣದಲ್ಲಿ ಈಗ ಯಾರದೋ ಕಾರುಗಳು ನಿಲ್ಲುತ್ತವೆ. ನನ್ನ ಲ್ಯಾಪ್‌ಟಾಪ್ ಕೆಟ್ಟರೆ ಒಬ್ಬ ಹುಡುಗಿ ಎಲ್ಲಿಂದಲೋ ಫೋನಿನಲ್ಲೇ ಸರಿಮಾಡುತ್ತಾಳೆ. ಕೆಲಸ ಆಗುತ್ತದೆ, ಒಪ್ಪುತ್ತೇನೆ. ಆದರೆ ಹಿತ್ತಿಲ ಬಾಗಿಲಿಂದ ಯಾರೂ ಬರುವುದಿಲ್ಲ. ಆ ಮನುಷ್ಯ ಇರಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸುತ್ತದೆ.

ಸುಣ್ಣದವನು ಹೋದ ಮೇಲೆ ಸಂಜೆ ಹೊಸಕೋಟೆಗೆ ಫೋನು ಮಾಡಿದೆ. ದೊಡ್ಡಮಾವನಿಗೆ ಈಗ ಕಿವಿ ಮಂದ. ಕೂಗಿ ಕೂಗಿ ಹೇಳಿದೆ, ಕೀಬೋರ್ಡು ಸಿಕ್ಕಿತು, ಒಳಗಿಂದ ಕಾಫಿ ಹೊಟ್ಟು ಬಿತ್ತು. ಕೆಮ್ಮು ಬರುವವರೆಗೆ ನಕ್ಕರು. ನೀರು ಕುಡಿದ ಸದ್ದು ಕೇಳಿಸಿತು.

"ಅವತ್ತು ಮೊದ್ಲು ಬಾಯ್ಬುಟ್ಟಿದ್ದು ನಾನೇ ಕಣಮ್ಮ," ಎಂದರು.

"ಗೊತ್ತು ದೊಡ್ಡಮಾವ."

"ಅವ್ನಿಗೂ ಗೊತ್ತಿತ್ತು. ನನ್ನ ಬಾಯಿಂದ ಒಂದ್ಸಲ ಕೇಳ್ಬೇಕು ಅಂತ ಎಷ್ಟು ಕಾದ ಪಾಪ. ಆಸ್ಪತ್ರೇಲೂ ಕೇಳ್ದ. ನಾನು ಹೇಳ್ಲಿಲ್ಲ. ಹೇಳ್ಬುಟ್ರೆ ಜಗಳ ಮುಗ್ದೋಯ್ತದಲ್ಲ, ಇನ್ನೊಂದಷ್ಟು ದಿನ ಆಡಾನ ಅಂತ..."

ಅವರು ಫೋನು ಇಡಲಿಲ್ಲ, ನಾನೂ ಇಡಲಿಲ್ಲ.